ಚಿತ್ರದ ಅಂಚಿಗೆ ಕತ್ತರಿ: ಹಳೆಯ ತಕರಾರಿನ ಹಿನ್ನೆಲೆ

ಕರಾವಳಿಯಲ್ಲಿ ಕಂಬಳದ ಋತು ಆರಂಭವಾಯಿತೆಂದರೆ ಮಂಗಳೂರು, ಉಡುಪಿಯ ಛಾಯಾಗ್ರಾಹಕರ ನಡುವೆ ಹಳೆಯ ತಕರಾರೊಂದು ಮತ್ತೆ ತಲೆಯೆತ್ತುತ್ತದೆ: ತೆಗೆದ ಚಿತ್ರವನ್ನು ಆಮೇಲೆ ಕ್ರಾಪ್ ಮಾಡಬಹುದೇ, ಅಂದರೆ ಅದರ ಅಂಚುಗಳನ್ನು ಕತ್ತರಿಸಬಹುದೇ? ಸ್ಪರ್ಧೆಯ ನಿಯಮ, ಸುದ್ದಿಯ ಪ್ರಾಮಾಣಿಕತೆ, ಮೆಗಾಪಿಕ್ಸೆಲ್ ಲೆಕ್ಕ ಎಲ್ಲವೂ ಕಲೆತು ವಾದವೀಗ ಸಿಕ್ಕುಸಿಕ್ಕಾಗಿದೆ.

1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ 24×36 ಮಿ.ಮೀ.ನ ಪುಟ್ಟ ನೆಗೆಟಿವನ್ನು ಎನ್‌ಲಾರ್ಜರಿನಲ್ಲಿ ಹಿಗ್ಗಿಸುವುದು ಅನಿವಾರ್ಯವಾಯಿತು, ಹಿಗ್ಗಿಸುವಾಗ ಅಂಚನ್ನು ಕೈಬಿಡುವುದು ಸುಲಭವೂ ಆಯಿತು. ಕ್ರಾಪ್ ಎಂದರೆ ಸಿಡಿಮಿಡಿಗೊಳ್ಳುತ್ತಿದ್ದ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ-ಬ್ರೆಸಾನ್ ಅವರೇ 1932ರಲ್ಲಿ ಬೇಲಿಯ ಸಂದಿನಿಂದ ತೆಗೆದ, ನೀರು ಜಿಗಿಯುವ ಮನುಷ್ಯನ ಚಿತ್ರದ ಅಂಚನ್ನು ಕತ್ತರಿಸಬೇಕಾಯಿತು. 1960ರ ಚೆ ಗುವಾರನ ಪ್ರಸಿದ್ಧ ಮುಖಚಿತ್ರದ ಮೂಲದಲ್ಲಿ ಒಂದು ಬದಿಗೆ ಇನ್ನೊಬ್ಬನ ಮುಖವಿತ್ತು, ಮತ್ತೊಂದು ಬದಿಗೆ ತಾಳೆಗರಿ.

ಫಿಲ್ಮಿನ ಕಾಲದ ನಮ್ಮ ಸ್ಟುಡಿಯೊಗಳಲ್ಲಿ ಇದು ತತ್ತ್ವದ ಪ್ರಶ್ನೆಯೇ ಆಗಿರಲಿಲ್ಲ. 35 ಮಿ.ಮೀ. ನೆಗೆಟಿವಿನ ಪ್ರಮಾಣ 3:2. ಗಿರಾಕಿ ಕೇಳುತ್ತಿದ್ದುದು 8×10 ಇಂಚಿನ ಪ್ರಿಂಟ್. ಇಡೀ ಫ್ರೇಮ್ ಬೇಕೆಂದರೆ 8×12 ಕಾಗದ ಬೇಕು, ಇಲ್ಲವಾದರೆ ಉದ್ದದಲ್ಲಿ ಆರನೆಯ ಒಂದು ಭಾಗ ಹೋಗಲೇಬೇಕು. ಮದುವೆಯ ಗುಂಪುಚಿತ್ರದ ಕೊನೆಯಲ್ಲಿ ನಿಂತ ಭಾವನ ಅರ್ಧ ಭುಜ ಕಾಣೆಯಾಗುತ್ತಿದ್ದುದು ಹೀಗೆ. ಬೈಗುಳ ತಿಂದದ್ದು ಮಾತ್ರ ಸ್ಟುಡಿಯೊದವರು. ಅನುಭವಿಗಳು ಅದನ್ನರಿತು, ತೆಗೆಯುವಾಗಲೇ ಎರಡೂ ಬದಿಗೆ ಒಂದಷ್ಟು ಜಾಗ ಬಿಡುತ್ತಿದ್ದರು. ಪೂರ್ತಿ ಫ್ರೇಮಿನ ಶುದ್ಧತೆಯನ್ನು ಈಗ ಎತ್ತಿಹಿಡಿಯುವವರು ಈ ಕಾಗದದ ಲೆಕ್ಕವನ್ನು ಮರೆತಂತಿದೆ.

ಡಿಜಿಟಲ್ ಬಂದ ಮೇಲೆ ಕತ್ತರಿಯ ವ್ಯಾಪ್ತಿ ಹಿಗ್ಗಿತು. 6000×4000 ಪಿಕ್ಸೆಲಿನ ಚಿತ್ರದ ಉದ್ದ, ಅಗಲ ಎರಡನ್ನೂ ಅರ್ಧಕ್ಕಿಳಿಸಿದರೂ 60 ಲಕ್ಷ ಪಿಕ್ಸೆಲ್ ಉಳಿಯುತ್ತದೆ. ಇಂಚಿಗೆ 300 ಚುಕ್ಕಿಗಳ (300 ಡಿಪಿಐ) ಲೆಕ್ಕದಲ್ಲಿ ಹತ್ತಿಂಚು ಉದ್ದದ ಪ್ರಿಂಟಿಗೆ ಅದು ಸಾಕು. 2010ರಲ್ಲಿ ಸುದ್ದಿಚಿತ್ರಗಳ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಬಹುಮಾನಿತ ಚಿತ್ರವೊಂದು ಅನರ್ಹವಾದಾಗಲೂ ಕಾರಣ ಅದರ ಭಾರಿ ಕ್ರಾಪ್ ಅಲ್ಲ, ಒಳಗಿನ ಒಂದು ಸಣ್ಣ ಅಂಶವನ್ನು ಅಳಿಸಿದ್ದು. ಅಳಿಸುವುದಕ್ಕೂ ಅಂಚು ಕತ್ತರಿಸುವುದಕ್ಕೂ ಇರುವ ಈ ಅಂತರ ನಮ್ಮ ಚರ್ಚೆಗಳಲ್ಲಿ ಆಗಾಗ ಕಲಸಿಹೋಗುತ್ತದೆ.

ಹಾಗೆಂದು ಅಂಚಿಗೆ ಬೆಲೆಯಿಲ್ಲವೆಂದಲ್ಲ. ಕಂಬಳದ ಕನೆಹಲಗೆ ವಿಭಾಗದಲ್ಲಿ, ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಕರೆಯ (ಕೋಣಗಳು ಓಡುವ ಕೆಸರುದಾರಿಯ) ಮೇಲೆ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಿತೇ ಎಂಬುದೇ ಸ್ಪರ್ಧೆ. ಕೋಲು ಎಂಬ ಹಳೆಯ ಅಳತೆಯಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರ ನಿಗದಿ. ಓಡಿಸುವವನ ಮುಖಭಾವಕ್ಕಾಗಿ ಬಿಗಿಯಾಗಿ ಕ್ರಾಪ್ ಮಾಡಿದರೆ ಮೇಲಿನ ನಿಶಾನೆ ಹೊರಗುಳಿಯುತ್ತದೆ. ಪ್ರದರ್ಶನದ ಗೋಡೆಗೆ ಆ ಚಿತ್ರ ಒಪ್ಪುತ್ತದೆ. ಮರುದಿನದ ಪತ್ರಿಕೆಯಲ್ಲಿ ಫಲಿತಾಂಶದ ಜೊತೆಗೆ ಅಚ್ಚಾದರೆ, ನೀರು ತಾಗಿತೋ ಇಲ್ಲವೋ ಎಂದು ಓದುಗರು ಶೀರ್ಷಿಕೆಯನ್ನೇ ನಂಬಬೇಕು.