ಸೊಗಡಿನ ಲೆಕ್ಕ

ಡಿಸೆಂಬರಿನ ಬೆಳಗುಗಳಲ್ಲಿ ಬೆಂಗಳೂರಿನ ಗಾಂಧಿ ಬಜಾರಿನ ಬೀದಿಬದಿಯಲ್ಲಿ ಅವರೆಕಾಯಿಯ ರಾಶಿ ಬಿದ್ದಿರುತ್ತದೆ. ಕೊಳ್ಳಲು ಬಂದವರು ಬೆಲೆ ಕೇಳುವುದಕ್ಕೆ ಮೊದಲೇ ಒಂದು ಕಾಯಿಯನ್ನೆತ್ತಿ, ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿಯುತ್ತಾರೆ. ಕೈಗೆ ಅಂಟುವ ಜಿಡ್ಡನ್ನೂ ಅದರಿಂದ ಏಳುವ ಗಾಢ ವಾಸನೆಯನ್ನೂ ಒಟ್ಟಾಗಿ ಹೇಳಲು ನಮ್ಮಲ್ಲಿ ಸೊಗಡು ಎಂಬ ಒಂದೇ ಪದವಿದೆ. ಎಳೆಯ ಸಿಪ್ಪೆ ಒಸರುವ ಎಣ್ಣೆಯಂಥ ದ್ರವದಲ್ಲಿರುವ ಕೊಬ್ಬಿನಾಮ್ಲಗಳೇ ಈ ವಾಸನೆಗೆ ಮೂಲ. ಕಿತ್ತು ಹೊತ್ತಾದ, ಬಿಸಿಲಿಗೆ ಬಾಡಿದ ಕಾಯಿಯಲ್ಲಿ ಅದು ಮಂಕಾಗುವುದರಿಂದ, ಮೂಗಿನ ಈ ಪರೀಕ್ಷೆ ತಕ್ಕಮಟ್ಟಿಗೆ ವೈಜ್ಞಾನಿಕವೇ ಆಗಿದೆ: ಗಿಡದಿಂದ ಪಾತ್ರೆಯವರೆಗೆ ಎಷ್ಟು ಗಂಟೆಗಳು ಕಳೆದಿವೆ ಎಂಬುದನ್ನು ಅದು ಸ್ಥೂಲವಾಗಿ ಅಳೆಯುತ್ತದೆ. ಋತುಮಾನದ ತರಕಾರಿ ತಿನ್ನಬೇಕೆಂಬ ಮಾತಿಗೆ ಇರುವ ಗಟ್ಟಿಯಾದ ಆಧಾರವೂ ಬಹುಮಟ್ಟಿಗೆ ಈ ಗಂಟೆಗಳ ಲೆಕ್ಕವೇ.

ಅವರೆ ಚಳಿಗಾಲದಲ್ಲೇ ಏಕೆ ಬರುತ್ತದೆ? ಚಳಿಗಿಂತ ಹೆಚ್ಚಾಗಿ ಕತ್ತಲೆಯೇ ಇದಕ್ಕೆ ಕಾರಣ. ನಾಟಿ ಅವರೆ, ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುವ ಸಸ್ಯಗಳ ಗುಂಪಿಗೆ ಸೇರಿದ್ದು. ಎಲೆಗಳಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ನೆರವಿನಿಂದ ಗಿಡವು ಎಡೆಬಿಡದ ಕತ್ತಲೆಯ ಅವಧಿಯನ್ನು ಅಳೆಯುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಾವು ಗಮನಿಸದೆ ಬಿಡುವ ಆ ಸಣ್ಣ ವ್ಯತ್ಯಾಸವನ್ನು ಗಿಡ ತಪ್ಪದೆ ಗುರುತಿಸುತ್ತದೆ. ಮುಂಗಾರಿನಲ್ಲಿ ರಾಗಿ ಹೊಲದ ಅಕ್ಕಡಿ (ಮಿಶ್ರಬೆಳೆ) ಸಾಲಿನಲ್ಲಿ ಬಿತ್ತಿದ ಅವರೆ ತಿಂಗಳುಗಟ್ಟಲೆ ಬರೀ ಬಳ್ಳಿಯಾಗಿ ಹಬ್ಬಿಕೊಂಡಿದ್ದು, ರಾತ್ರಿ ಉದ್ದವಾಗತೊಡಗಿದ ಮೇಲಷ್ಟೇ ಹೂವಿಗೆ ತಿರುಗುವುದು ಇದರಿಂದಾಗಿಯೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಈ ಕತ್ತಲೆಯ ಕಟ್ಟಳೆಗೆ ಒಳಪಡದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ರೂಪಿಸಿದೆ. ಬೇಸಿಗೆಯಲ್ಲೂ ಅವರೆಕಾಯಿ ಸಿಗುವುದು ಇಂಥ ತಳಿಗಳಿಂದ. ಅದರ ಪ್ರೋಟೀನಿಗಾಗಲಿ ನಾರಿಗಾಗಲಿ ಹೆಸರಿಡುವಂಥದ್ದೇನೂ ಇಲ್ಲ. ಕಾಲವಲ್ಲದ ಕಾಲದಲ್ಲಿ ಬಂದದ್ದೆಲ್ಲ ಕೆಟ್ಟದ್ದೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಿತ್ತ ತರಕಾರಿ ಸತ್ತಿರುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ: ಆಮ್ಲಜನಕವನ್ನು ಎಳೆದುಕೊಂಡು, ತನ್ನೊಳಗಿನ ಸಕ್ಕರೆಯನ್ನು ಉರಿಸಿ, ಇಂಗಾಲದ ಡೈಆಕ್ಸೈಡನ್ನೂ ಶಾಖವನ್ನೂ ಹೊರಬಿಡುತ್ತದೆ. ಬೇರು ಕಡಿದುಹೋಗಿರುವುದರಿಂದ ಖರ್ಚಿದೆಯೇ ಹೊರತು ಆದಾಯವಿಲ್ಲ. ಆಲೂಗಡ್ಡೆ, ಈರುಳ್ಳಿಗಳ ಉಸಿರಾಟ ಬಹಳ ನಿಧಾನ. ಸೊಪ್ಪು, ಹಸಿ ಬಟಾಣಿ, ಎಳೆ ಜೋಳ, ಅವರೆಯಂಥ ಎಳೆಯ ಭಾಗಗಳದು ಬಲು ಜೋರು. ಉಷ್ಣಾಂಶ 10 ಡಿಗ್ರಿ ಏರಿದರೆ ಈ ವೇಗ ಸರಿಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಗೋಣಿಚೀಲದಲ್ಲಿ ಒತ್ತೊತ್ತಾಗಿ ತುಂಬಿದ ಕಾಳಿನ ಕಾಯಿಗಳ ನಡುವೆ ಕೈ ತೂರಿಸಿದರೆ ಬೆಚ್ಚಗೆ ತಾಗುವುದು ಆ ಉಸಿರಾಟದ ಶಾಖವೇ. ಮಾರುವವರು ಸೊಪ್ಪಿನ ಕಂತೆಗೆ ಒದ್ದೆ ಗೋಣಿ ಹೊದಿಸುವುದರಲ್ಲೂ ತಿಳಿವಳಿಕೆಯಿದೆ, ಏಕೆಂದರೆ ನೀರು ಆವಿಯಾಗುತ್ತ ಸೊಪ್ಪನ್ನು ತಂಪಾಗಿಸಿ ಉಸಿರನ್ನು ತಗ್ಗಿಸುತ್ತದೆ. ಆದರೆ ನೀರು ಚಿಮುಕಿಸಿದಾಗ ಸೆಟೆದು ನಿಂತ ಸೊಪ್ಪಿಗೆ ಕಳೆದುಹೋದ ಜೀವಸತ್ವ ಮರಳಿ ಬರುವುದಿಲ್ಲ.

ಕಳೆದುಹೋಗುವುದು ಎಲ್ಲವೂ ಅಲ್ಲ. ಸುಣ್ಣ, ಕಬ್ಬಿಣ, ಪೊಟ್ಯಾಸಿಯಂಗಳು ಮೂರು ದಿನ ಬಾಡಿದ ಸೊಪ್ಪಿನಲ್ಲೂ ಹಾಗೆಯೇ ಇರುತ್ತವೆ; ನಾರೂ ಹೆಚ್ಚು ಕಡಿಮೆ ಹಾಗೆಯೇ. ಮೊದಲು ಕರಗುವುದು ಸಿ ಜೀವಸತ್ವ, ಅದರ ಹಿಂದೆಯೇ ಫೋಲೇಟ್ ಎಂಬ ಬಿ ಜೀವಸತ್ವ. ಇದರ ಜೊತೆಗೆ ಬಟಾಣಿ, ಜೋಳಗಳ ಸಕ್ಕರೆ ಪಿಷ್ಟವಾಗಿ ಮಾರ್ಪಟ್ಟು ಸಿಹಿ ತಗ್ಗುತ್ತದೆ. ಹೀಗಾಗಿ ದೂರದಿಂದ ದಿನಗಟ್ಟಲೆ ಲಾರಿಯಲ್ಲಿ ಬಂದ ಹಸಿ ಬಟಾಣಿಗಿಂತ, ಕಿತ್ತ ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಬಟಾಣಿಯಲ್ಲಿ ಸಿ ಜೀವಸತ್ವ ಹೆಚ್ಚಿರುವ ಸಾಧ್ಯತೆಯಿದೆ. ಸಾಂಪ್ರದಾಯಿಕ ಆಹಾರದ ಅಭಿಮಾನಿಗಳಿಗೆ ಇದು ರುಚಿಸಲಿಕ್ಕಿಲ್ಲ. ಅವರಿಗೆ ಸಮಾಧಾನ ತರುವ ಸಂಗತಿಯೂ ಉಂಟು: ಸುಗ್ಗಿಯ ದಿನಗಳಲ್ಲಿ ಮಾಗಡಿಯ ಅವರೆ ನಗರಕ್ಕೆ ಬರಲು ಒಂದು ರಾತ್ರಿ ಸಾಕು. ಕಾಯಿ ಕೊಂಡು ಮನೆಯಲ್ಲೇ ಸುಲಿಯುವುದೂ ಲಾಭದ ಕೆಲಸ, ಏಕೆಂದರೆ ಸುಲಿದಾಗ, ಕತ್ತರಿಸಿದಾಗ ಆಗುವ ಗಾಯ ಉಸಿರಾಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹುಳು ಕಂಡು ಕಿರುಚುವ ಮಕ್ಕಳಿಗೆ ಅದೊಂದು ಜೀವಶಾಸ್ತ್ರದ ಪಾಠವೂ ಆಗುತ್ತದೆ.

ತಾಜಾತನವೊಂದೇ ಸಾಲದು, ಬೆಳೆದ ನೀರೂ ಮುಖ್ಯ. ಕಾರ್ಖಾನೆಯ ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಸೊಪ್ಪು ಸೀಸ, ಕ್ಯಾಡ್ಮಿಯಂಗಳನ್ನು ಎಲೆಯೊಳಗೇ ಸೇರಿಸಿಕೊಳ್ಳಬಲ್ಲದು. ಎಷ್ಟು ತೊಳೆದರೂ ಹೋಗುವುದು ಮೇಲಿನ ಮಣ್ಣು ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆನ್ನುತ್ತದೆ. ಅವರೆಯ ಕಾಲದಲ್ಲೇ ಬರುವ ಸೀಬೆಹಣ್ಣಿನ 100 ಗ್ರಾಮಿನಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ವ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕ ಗಂಡಸರಿಗೆ ಸೂಚಿಸಿದ ದಿನದ ಪ್ರಮಾಣ 80, ಹೆಂಗಸರಿಗೆ 65 ಮಿಲಿಗ್ರಾಂ. ಊಟದೊಂದಿಗೆ ಅರ್ಧ ಸೀಬೆ ತಿಂದರೆ ಮುದ್ದೆ, ಕಾಳುಗಳಲ್ಲಿರುವ ಕಬ್ಬಿಣವನ್ನು ಕರುಳು ಹೀರಿಕೊಳ್ಳುವುದಕ್ಕೂ ಅದು ನೆರವಾಗುತ್ತದೆ. ಕೋಸಂಬರಿಗೆ ನಿಂಬೆಹಣ್ಣು ಹಿಂಡುವುದರ ಫಲವೂ ಇದೇ.

ಅಡುಗೆಯಲ್ಲಿ ನಮ್ಮ ಬಸ್ಸಾರನ್ನು ಮೀರಿಸುವ ಉಪಾಯ ನನಗೆ ಕಂಡಿಲ್ಲ. ಸಿ ಜೀವಸತ್ವ, ಫೋಲೇಟ್‌ಗಳು ನೀರಿನಲ್ಲಿ ಕರಗುವಂಥವು. ಬೇಯಿಸಿದ ನೀರನ್ನು ಚೆಲ್ಲಿದರೆ ಅವೂ ಹೋಗುತ್ತವೆ. ಬಸ್ಸಾರಿನಲ್ಲಿ ಸೊಪ್ಪು, ಕಾಳುಗಳನ್ನು ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಶಾಖದಿಂದ ನಾಶವಾಗುವ ಪಾಲು ಇದ್ದೇ ಇದೆ, ಆದರೆ ಕರಗಿ ಹೋದದ್ದು ತಟ್ಟೆಗೇ ಮರಳುತ್ತದೆ. ಒಗ್ಗರಣೆಯ ಎಣ್ಣೆಯೂ ವ್ಯರ್ಥವಲ್ಲ. ಸೊಪ್ಪಿನ ಕ್ಯಾರೊಟಿನ್ ದೇಹಕ್ಕೆ ಸೇರಲು ಒಂದಿಷ್ಟು ಜಿಡ್ಡು ಬೇಕು.

ಸಂಕ್ರಾಂತಿ ಕಳೆದು ಬಿಸಿಲೇರಿದಂತೆ ಕಾಯಿ ಬಲಿಯುತ್ತದೆ, ಸಿಪ್ಪೆ ಒರಟಾಗಿ ಸೊಗಡು ಇಳಿಯುತ್ತದೆ. ಕಾಳಿನ ಹೊರಸಿಪ್ಪೆ ದಪ್ಪವಾಗಿ ಅದರಲ್ಲಿ ಒಗರಿನ ಟ್ಯಾನಿನ್‌ಗಳು ಸೇರಿಕೊಳ್ಳುತ್ತವೆ. ನೆನೆಸಿ ಹಿತಕಿದಾಗ ಆ ಒಗರಿನ ಬಹುಭಾಗ ಸಿಪ್ಪೆಯೊಂದಿಗೆ ಹೋಗಿ ಬೇಳೆ ಮೃದುವಾಗುತ್ತದೆ, ಸ್ವಲ್ಪ ನಾರು ಮಾತ್ರ ನಷ್ಟವಾಗುತ್ತದೆ. ಕೊನೆಗೆ ಉಳಿಯುವ ಒಣ ಅವರೆಗೆ ಬಸ್ಸಾರಿನ ನಿಯಮ ಹೊಂದುವುದಿಲ್ಲ: ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳು, ಪ್ರೋಟೀನಿನ ಜೀರ್ಣಕ್ಕೆ ಅಡ್ಡಬರುವ ವಸ್ತುಗಳು ಬಲಿತ ಕಾಳಿನಲ್ಲಿರುವುದರಿಂದ ಅದನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿಯೇ ತಿನ್ನಬೇಕು.