ಕಣ್ಣಿಗೆ ಚೆಂದ ಕಂಡ ಹಳೇ ಗೋಡೆ ಫೋಟೋದಲ್ಲಿ ಯಾಕೆ ಸಪ್ಪೆ?

ಓದುಗರ ಪ್ರಶ್ನೆ: ಮೈಸೂರಿನ ಹಳೇ ಬೀದಿಗಳಲ್ಲಿ ಓಡಾಡುವಾಗ ಬಣ್ಣ ಕಿತ್ತುಬಂದ ಗೋಡೆ, ತುಕ್ಕು ಹಿಡಿದ ಶಟರ್, ಹರಿದ ಪೋಸ್ಟರ್ ಎಲ್ಲವೂ ಪೇಂಟಿಂಗ್ ಥರ ಕಾಣುತ್ತವೆ. ಮೊಬೈಲ್ ತೆಗೆದು ಕ್ಲಿಕ್ ಮಾಡಿದರೆ ಮಾತ್ರ ಬರೀ ಕೊಳಕು ಗೋಡೆ ಬರುತ್ತದೆ. ಬಣ್ಣವೂ ಸಪ್ಪೆ. ಒಳ್ಳೇ ಕ್ಯಾಮೆರಾ ಕೊಳ್ಳಬೇಕಾ?

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ಗೋಡೆ ಓಡಿಹೋಗುವುದಿಲ್ಲ, ಅಲುಗಾಡುವುದಿಲ್ಲ, ಹಗಲು ಬೆಳಕಿನಲ್ಲೇ ನಿಂತಿರುತ್ತದೆ. ಫೋನಿನ ಕ್ಯಾಮೆರಾಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ತೊಂದರೆ ಇರುವುದು ಎರಡು ಕಡೆ. ನೀವು ಮೆಚ್ಚಿದ ಬಣ್ಣವನ್ನು ಫೋನ್ ತನಗೆ ತೋಚಿದಂತೆ ತಿದ್ದುತ್ತದೆ. ನೀವೂ ಬಣ್ಣದ ಫೋಟೋ ತೆಗೆಯುವ ಬದಲು ಗೋಡೆಯ ಫೋಟೋ ತೆಗೆಯುತ್ತೀರಿ.

ಫೋನಿನ ತಪ್ಪು ಮೊದಲು ನೋಡೋಣ, ಅದು ಬೇಗ ಮುಗಿಯುತ್ತದೆ. ಬಲ್ಬಿನ ಬೆಳಕು ಹಳದಿ, ನೆರಳಿನ ಬೆಳಕು ನೀಲಿ. ಎಲ್ಲ ಬೆಳಕಿನಲ್ಲೂ ಬಿಳಿ ಬಿಳಿಯಾಗೇ ಕಾಣಲಿ ಅಂತ ಕ್ಯಾಮೆರಾ ಪ್ರತಿ ಸಲ ಒಂದು ಊಹೆ ಮಾಡಿ ಸರಿಪಡಿಸುತ್ತದೆ. ಇದೇ ವೈಟ್ ಬ್ಯಾಲೆನ್ಸ್. ಮನುಷ್ಯರು, ಮರ, ರಸ್ತೆ ಎಲ್ಲ ಇರುವ ಫೋಟೋದಲ್ಲಿ ಊಹೆ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಆದರೆ ಫೋಟೋ ತುಂಬ ಒಂದೇ ನೀಲಿ ಗೋಡೆ ಇದ್ದರೆ, ಬೆಳಕೇ ನೀಲಿ ಇರಬೇಕು ಅಂದುಕೊಂಡು ಆ ನೀಲಿಯನ್ನು ಎಷ್ಟೋ ಸಲ ತೊಳೆದುಬಿಡುತ್ತದೆ. ಹಾಗಾಗಿ ಪ್ರೋ ಮೋಡ್‌ಗೆ ಹೋಗಿ ಇದನ್ನು ಕೈಯಾರೆ ಹಾಕಿಕೊಳ್ಳಿ. ಬೆಳಕಿನ ಬಣ್ಣವನ್ನು ಅಲ್ಲಿ ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಬಿಸಿಲಿಗೆ 5200ರಿಂದ 5500 ಕೆಲ್ವಿನ್, ನೆರಳಿಗೆ 7000ದ ಆಸುಪಾಸು. ನಿಮ್ಮ ಫೋನಿನಲ್ಲಿ ಆ ಮೋಡ್ ಇಲ್ಲದಿದ್ದರೆ ಅದಿರುವ ಬೇರೆ ಕ್ಯಾಮೆರಾ ಆ್ಯಪ್ ಹಾಕಿಕೊಂಡರಾಯಿತು.

ಬೆಳಕಿನ ಅಳತೆಯಲ್ಲೂ ಇದೇ ಕಥೆ. ಕ್ಯಾಮೆರಾಗೆ ಎಲ್ಲವೂ ಮಧ್ಯಮ ಬೂದು ಇದ್ದರೆ ಸಮಾಧಾನ. ಕಪ್ಪು ಪಾಚಿ ಕಟ್ಟಿದ ಗೋಡೆಯನ್ನು ಅದು ತಿಳಿ ಮಾಡುತ್ತದೆ, ಬಿಳಿ ಸುಣ್ಣದ ಗೋಡೆಯನ್ನು ಮಂಕು ಮಾಡುತ್ತದೆ. ಪರದೆ ಮುಟ್ಟಿದಾಗ ಬರುವ ಸೂರ್ಯನ ಗುರುತನ್ನು ತುಕ್ಕಿಗೆ, ಪಾಚಿಗೆ ಸ್ವಲ್ಪ ಕೆಳಗೆ ಎಳೆಯಿರಿ. ಸುಣ್ಣಕ್ಕೆ ಸ್ವಲ್ಪ ಮೇಲೆ. ಅಷ್ಟೇ.

ಈಗ ನಿಮ್ಮ ಕಡೆಯ ತಪ್ಪು. ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಬಂದವರೆಲ್ಲ ಕುಂಕುಮದ ರಾಶಿಯ ಮುಂದೆ ಬಗ್ಗುತ್ತಾರೆ. ಕೊಳ್ಳುವವರ ಕಣ್ಣು ಹೋಗಲಿ ಅಂತಲೇ ಜೋಡಿಸಿಟ್ಟ ಬಣ್ಣ ಅದು, ಹೇಗೆ ತೆಗೆದರೂ ಚೆನ್ನಾಗೇ ಬರುತ್ತದೆ. ಎಲ್ಲರ ಫೋಟೋನೂ ಒಂದೇ ಥರ ಬರುತ್ತದೆ. ಅಲ್ಲೇ ತಿರುಗಿ ನಿಂತು ಹಳೇ ಮಳಿಗೆಯ ಬಾಗಿಲನ್ನು ನೋಡಿ. ಕೈ ತಾಕಿದ ಕಡೆ ಬಣ್ಣ ಸವೆದು ಕೆಳಗಿನ ಹಸಿರು ಕಾಣುತ್ತಿರುತ್ತದೆ. ಅದು ನಿಮ್ಮ ಕಣ್ಣಿಗೆ ಬಿದ್ದಾಗ ಪಕ್ಕದ ಬೀಗ, ಮೇಲಿನ ವೈರು, ಕೆಳಗಿನ ಚರಂಡಿ ಯಾವುದೂ ಕಾಣುವುದಿಲ್ಲ. ಕಣ್ಣು ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟಿರುತ್ತದೆ. ಫೋನ್ ಏನನ್ನೂ ಬಿಡುವುದಿಲ್ಲ. ಬಿಡುವ ಕೆಲಸ ನೀವೇ ಮಾಡಬೇಕು.

ಏನನ್ನು ಬಿಡಬೇಕು? ಇದು ಗೋಡೆ ಅಂತ ಹೇಳುವ ಎಲ್ಲವನ್ನೂ. ಮೀಟರ್ ಬೋರ್ಡು, ಮಳೆನೀರಿನ ಪೈಪು, ಕೇಬಲ್ಲು, ಕಿಟಕಿಯ ಮೂಲೆ. ಎಲ್ಲಕ್ಕಿಂತ ಮುಖ್ಯವಾಗಿ ನೆಲ. ನೆಲದ ಒಂದು ಗೆರೆ ಕಂಡರೂ ಸಾಕು, ನೋಡುವವರಿಗೆ ಎತ್ತರ ಎಷ್ಟು, ದೂರ ಎಷ್ಟು ಅಂತ ಗೊತ್ತಾಗುತ್ತದೆ. "ಓ, ಹಳೇ ಗೋಡೆ" ಅಂದು ಮುಂದಕ್ಕೆ ಹೋಗುತ್ತಾರೆ. ಅದು ಕಾಣದಿದ್ದರೆ ಬಣ್ಣವನ್ನೇ ನೋಡಬೇಕಾಗುತ್ತದೆ. ಹಾಗಂತ ಪೂರ್ತಿ ಒಗಟು ಮಾಡುವುದು ನನಗೆ ಇಷ್ಟವಿಲ್ಲ. ಒಂದು ಮೊಳೆಯೋ, ಬೀಗದ ಕೈ ತೂರಿಸುವ ತೂತೋ ಇದ್ದರೆ ಚಿತ್ರಕ್ಕೆ ಒಂದು ಹಿಡಿ ಸಿಗುತ್ತದೆ.

ಹತ್ತಿರ ಹೋಗಿ. ವೈಡ್ ಲೆನ್ಸ್ ಮರೆತುಬಿಡಿ, ಅದು ಗೆರೆಗಳನ್ನು ಬಗ್ಗಿಸುತ್ತದೆ. ಮಾಮೂಲಿ ಲೆನ್ಸ್ ಅಥವಾ 2 ಪಟ್ಟಿನದು ಸಾಕು. ಫೋನ್ ಗೋಡೆಗೆ ನೇರವಾಗಿರಲಿ, ಹಿಂದಕ್ಕೋ ಮುಂದಕ್ಕೋ ವಾಲಬಾರದು. ಕ್ಲಿಕ್ ಮಾಡುವ ಮುಂಚೆ ನಡುವಿನ ಜಾಗ ನೋಡಬೇಡಿ, ನಾಲ್ಕು ಅಂಚನ್ನು ನೋಡಿ. ಈ ಥರದ ಫೋಟೋ ಕೆಡುವುದು ಜಾಸ್ತಿ ಅಂಚಿನಲ್ಲೇ. ಆಮೇಲೆ ಗ್ಯಾಲರಿಯಲ್ಲಿ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಆಗಲೂ ಚೆನ್ನಾಗಿದ್ದರೆ ಇಟ್ಟುಕೊಳ್ಳಿ.

ಈ ದಾರಿ ಹೊಸದೇನಲ್ಲ. ಅಮೆರಿಕದ ಛಾಯಾಗ್ರಾಹಕ ಆರನ್ ಸಿಸ್ಕಿಂಡ್ (1903–1991) 1940ರ ದಶಕದಲ್ಲೇ ಕಿತ್ತುಬಂದ ಬಣ್ಣ, ಹರಿದ ಪೋಸ್ಟರ್‌ಗಳನ್ನು ಹತ್ತಿರದಿಂದ ತೆಗೆದು ಅಮೂರ್ತ ಚಿತ್ರಗಳಂತೆ ಮಾಡಿದರು. ಅವರ ಹೆಸರು ನಿಂತಿರುವುದು ಕಪ್ಪು ಬಿಳುಪಿನ ಕೆಲಸದ ಮೇಲೆ. ಅದಕ್ಕೇ ಕೆಲವರು ನಿಮ್ಮ ಬಣ್ಣದ ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡಿ, ಆಗಲೂ ನಿಂತರೆ ಒಳ್ಳೇ ಚಿತ್ರ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮನೆಗಳ ತಿಳಿ ನೀಲಿ, ತಿಳಿ ಹಸಿರು ಎರಡೂ ಒಂದೇ ಹೊಳಪಿನವು. ಕಪ್ಪು ಬಿಳುಪಿನಲ್ಲಿ ಎರಡೂ ಒಂದೇ ಬೂದು ಬಣ್ಣವಾಗುತ್ತವೆ. ಚಿತ್ರದ ಜೀವವೇ ಆ ಎರಡರ ವ್ಯತ್ಯಾಸದಲ್ಲಿದ್ದರೆ ಈ ಪರೀಕ್ಷೆ ಅದನ್ನು ಸುಮ್ಮನೆ ಫೇಲ್ ಮಾಡುತ್ತದೆ.

ಇನ್ನು ಬಣ್ಣ ಅಲ್ಲಿಗೆ ಹೇಗೆ ಬಂತು ಅನ್ನುವುದು. ಇದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಗ್ರಹಾರ, ಸಂತೆಪೇಟೆ ಕಡೆಯ ಹಳೇ ಮನೆ ಅಂದುಕೊಳ್ಳಿ. ಒಳಗೆ ಇಟ್ಟಿಗೆ, ಅದರ ಮೇಲೆ ಗಾರೆ, ಅದರ ಮೇಲೆ ವರ್ಷವರ್ಷ ಬಳಿದ ಸುಣ್ಣ. ಬಿಳಿ ಇನ್ನೂ ಬಿಳಿಯಾಗಿ ಕಾಣಲಿ ಅಂತ ಸುಣ್ಣಕ್ಕೆ ನೀಲಿ ಹಾಕುತ್ತಿದ್ದರು. ಕೈ ಜಾಸ್ತಿಯಾದರೆ ಗೋಡೆ ಆಕಾಶದ ಬಣ್ಣಕ್ಕೆ ತಿರುಗುತ್ತಿತ್ತು. ಸುಣ್ಣ ಗೋಡೆಗೆ ಹತ್ತಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅದರಲ್ಲಿ ಸಣ್ಣ ಸಣ್ಣ ತೂತುಗಳಿರುವುದರಿಂದ ಗೋಡೆಯೊಳಗಿನ ತೇವ ಹೊರಗೆ ಹೋಗುತ್ತದೆ. ಇಂಥ ಗೋಡೆ ಹಳತಾದರೆ ಪುಡಿಪುಡಿಯಾಗಿ ಉದುರುತ್ತದೆ. ಒಂದು ಪದರದ ಬಣ್ಣ ಇನ್ನೊಂದಕ್ಕೆ ಮೆತ್ತಗೆ ಸೇರಿಕೊಂಡಿರುತ್ತದೆ, ಅಂಚೇ ಕಾಣುವುದಿಲ್ಲ.

ಆಮೇಲೆ ಯಾರೋ ಅದರ ಮೇಲೆ ಆಯಿಲ್ ಪೇಂಟ್ ಹೊಡೆಸುತ್ತಾರೆ. ಕೈ ಕೊಳೆ ಒರೆಸಲು ಸುಲಭ ಅಂತ ಸಾಮಾನ್ಯವಾಗಿ ಕೆಳಗಿನ ಮೂರು ನಾಲ್ಕು ಅಡಿಗೆ ಮಾತ್ರ. ಈ ಪೇಂಟ್ ತೇವವನ್ನು ಹೊರಗೆ ಬಿಡುವುದಿಲ್ಲ. ನೆಲದಿಂದ ಮೇಲೇರುವ ತೇವ ಜಾಸ್ತಿ ಇರುವುದೂ ಅದೇ ಎತ್ತರದಲ್ಲಿ. ಒಳಗೆ ಸಿಕ್ಕಿಕೊಂಡ ನೀರು, ಅದರ ಜೊತೆ ಬಂದ ಉಪ್ಪು ಎರಡೂ ಸೇರಿ ಪೇಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತವೆ. ಅಂಚು ಚೂಪಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಕೆಳಗೆ ಹಳೇ ನೀಲಿ ಸುಣ್ಣ ಕಾಣುತ್ತದೆ. ಆದ್ದರಿಂದ ಒಳ್ಳೇ ಚಿತ್ರ ಬೇಕಿದ್ದರೆ ಸೊಂಟದಿಂದ ಕೆಳಗೆ ನೋಡಿ, ಕುಕ್ಕರುಗಾಲಲ್ಲಿ ಕೂತು ತೆಗೆಯಿರಿ. ಮಂಡಿ ನೋವಿರುವವರಿಗೆ ಇದೊಂದು ಕಷ್ಟ.

ಕೆಂಪಿನ ಕಥೆ ಬೇರೆ. ದೇವಸ್ಥಾನದ ಗೋಡೆಯ ಪಟ್ಟೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣ ಬರುವುದು ಕಬ್ಬಿಣದ ಆಕ್ಸೈಡ್‌ನಿಂದ. ಬಿಸಿಲಿಗೆ ಅದು ಮಾಸುವುದಿಲ್ಲ. ಬಿಳಿ ಪಟ್ಟೆ ಬೂದು ಬಣ್ಣಕ್ಕೆ ತಿರುಗಿದರೂ ಕೆಂಪು ಕೆಂಪಾಗೇ ಇರುತ್ತದೆ. ಶಟರ್ ಮೇಲಿನ ಹಸಿರು ಪೇಂಟ್ ಎದ್ದರೆ ಕಾಣುವ ರೆಡ್ ಆಕ್ಸೈಡೂ ಇದೇ ಜಾತಿ. ಅದರಡಿಯಲ್ಲಿ ಹಿಡಿಯುವ ತುಕ್ಕು, ಅದೂ ಕಬ್ಬಿಣ, ಗಾಳಿ, ನೀರು ಸೇರಿ ಆದದ್ದೇ. ಮಂಡಿ ಮೊಹಲ್ಲಾದ ಒಂದು ಹಳೇ ಶಟರ್‌ನಲ್ಲಿ ಈ ಕೆಂಪುಗಳು ಪಕ್ಕಪಕ್ಕ ಸಿಗುತ್ತವೆ. ಒಂದಕ್ಕೊಂದು ಹೊಂದುತ್ತವೆ ಅಂತ ಕಣ್ಣಿಗೆ ಅನ್ನಿಸುವುದರಲ್ಲಿ ಆಶ್ಚರ್ಯವೇನಿಲ್ಲ, ಒಂದೇ ಮನೆಯವು.

ಲೋಹದ ಬಣ್ಣ ಇಷ್ಟವಾದರೆ ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯಕ್ಕೆ ಹೋಗಿ. ಸಕ್ಕರೆ ಕಾರ್ಖಾನೆಯ ಹೊರಗೆ ಸಾಲು ನಿಂತ ಟ್ರ್ಯಾಕ್ಟರ್ ಟ್ರೇಲರ್‌ಗಳ ಪಕ್ಕದ ಹಲಗೆ ನೋಡಿ. ಕಬ್ಬು ತುಂಬಿ ಇಳಿಸಿ ಒಳಗಿನ ಬಣ್ಣವೆಲ್ಲ ಗೀಚಿಹೋಗಿರುತ್ತದೆ. ಗೋಡೆಯಲ್ಲಿ ಸಿಗದ ಉದ್ದುದ್ದ ಗೆರೆ ಅಲ್ಲಿ ಸಿಗುತ್ತವೆ. ಡ್ರೈವರ್ ಹೇಗೂ ಸರದಿಗೆ ಕಾಯುತ್ತಾ ಕೂತಿರುತ್ತಾರೆ, ಒಂದು ಮಾತು ಕೇಳಿ ತೆಗೆಯಿರಿ.

ಪೋಸ್ಟರ್‌ಗೆ ಬರೋಣ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ಇದ್ದ ಸಿನಿಮಾ ಪೋಸ್ಟರ್‌ನಲ್ಲಿ ಹೀರೋ ಮುಖ ನೀಲಿಯಾಗಿರುವುದನ್ನು ನೋಡಿದ್ದೀರಲ್ವಾ? ಅಚ್ಚಿನಲ್ಲಿ ಬಳಸುವುದು ನಾಲ್ಕು ಶಾಯಿ. ಅದರಲ್ಲಿ ಹಳದಿ ಮತ್ತು ಮಜಂಟಾ ಬಿಸಿಲಿಗೆ ಬೇಗ ಸಾಯುತ್ತವೆ. ಸಯಾನ್ ನೀಲಿ ಮತ್ತು ಕಪ್ಪು ಗಟ್ಟಿ. ಉಳಿದದ್ದು ಅವೆರಡೇ ಆದ್ದರಿಂದ ಎಲ್ಲ ಮುಖಗಳೂ ಕೊನೆಗೆ ನೀಲಿ. ಅದರ ಮೇಲೆ ನಿನ್ನೆ ಅಂಟಿಸಿದ ಹೊಸ ಪೋಸ್ಟರ್‌ನ ಹಳದಿ ತುಂಡೊಂದು ಇದ್ದರೆ ನಿಮಗೆ ಅರ್ಧ ಕೆಲಸ ಆಯಿತು.

ಫ್ರಾನ್ಸಿನಲ್ಲಿ ರೇಮಂಡ್ ಆನ್ಸ್ ಮತ್ತು ಜಾಕ್ ವಿಲೆಗ್ಲೆ ಅನ್ನುವ ಇಬ್ಬರು ಕಲಾವಿದರು 1949ರಲ್ಲಿ ಬೀದಿಯ ಹರಿದ ಪೋಸ್ಟರ್‌ಗಳನ್ನು ಕಿತ್ತು ತಂದು ಅವನ್ನೇ ಕಲಾಕೃತಿ ಮಾಡಲು ಶುರುಮಾಡಿದರು. ನಮ್ಮಲ್ಲಿ ಹರಿಯುವ ಕೆಲಸಕ್ಕೆ ಹಸುಗಳಿವೆ. ಮೈದಾ ಅಂಟಿನ ಆಸೆಗೆ ಪೋಸ್ಟರನ್ನು ನೆಕ್ಕಿ, ಎಳೆದು ತಿನ್ನುತ್ತವೆ. ಹಾಗಾಗಿ ಹರಿದ ಭಾಗ ಅವುಗಳ ಬಾಯಿಗೆ ಎಟಕುವ ಎತ್ತರದಲ್ಲೇ ಹೆಚ್ಚು. ಪೋಸ್ಟರ್ ತೆಗೆಯುವಾಗ ಒಂದು ಎಚ್ಚರ: ಅಕ್ಷರ ಕಂಡರೆ ಕಣ್ಣು ಓದಲು ಹೋಗುತ್ತದೆ, ಬಣ್ಣ ಮರೆಯುತ್ತದೆ. ಪೂರ್ತಿ ಪದ ಸೇರಿಸಬೇಡಿ. ಒಂದು ಕೊಂಬು, ಒಂದು ಒತ್ತು, ಅರ್ಧ ಹರಿದ ತಲೆಕಟ್ಟು ಸಾಕು. ನಮ್ಮ ದುಂಡಕ್ಷರದ ಬಳುಕು ಇಂಥ ಚಿತ್ರಕ್ಕೆ ಹೇಳಿಮಾಡಿಸಿದ್ದು.

ಬೆಳಕಿನ ವಿಷಯದಲ್ಲಿ ಎಲ್ಲರೂ ಹೇಳುವ ಬುದ್ಧಿಮಾತು ಬೆಳಿಗ್ಗೆ, ಸಂಜೆ ಹೋಗಿ, ಮಧ್ಯಾಹ್ನ ಬೇಡ ಅಂತ. ಮುಖಕ್ಕೆ ಅದು ಸರಿ. ಗೋಡೆಗೆ ಸರಿಯಲ್ಲ. ಬೆಳಗಿನ ಬಿಸಿಲು ಪೂರ್ವದ ಗೋಡೆಗೆ ನೇರ ಬಿದ್ದು ಉಬ್ಬು ತಗ್ಗೆಲ್ಲ ಮಾಯವಾಗುತ್ತದೆ. ಸಯ್ಯಾಜಿರಾವ್ ರಸ್ತೆ ಹೆಚ್ಚುಕಡಿಮೆ ಉತ್ತರ ದಕ್ಷಿಣ ಹೋಗುತ್ತದೆ. ಮಾರುಕಟ್ಟೆ ಕಡೆಯ ಗೋಡೆ ಪೂರ್ವಕ್ಕೆ ಮುಖ ಮಾಡಿದೆ. ಹನ್ನೊಂದೂವರೆಯಿಂದ ಹನ್ನೆರಡರವರೆಗೆ ಅಲ್ಲಿ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಎದ್ದ ಪ್ರತಿ ಚಕ್ಕೆಗೂ ಒಂದು ನೆರಳು ಸಿಗುತ್ತದೆ. ಎದುರು ಸಾಲಿಗೆ ಇದೇ ಬೆಳಕು ಹನ್ನೆರಡೂವರೆ ದಾಟಿದ ಮೇಲೆ. ದೇವರಾಜ ಅರಸು ರಸ್ತೆಯಂತೆ ಪೂರ್ವ ಪಶ್ಚಿಮ ಹೋಗುವ ಬೀದಿಯಲ್ಲಿ ಉತ್ತರಕ್ಕೆ ಮುಖವಿರುವ ಗೋಡೆಗಳಿಗೆ ನಡು ಮಧ್ಯಾಹ್ನದ ಬಿಸಿಲು ಸಿಗುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಾತ್ರ. ಆಗ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ.

ಆದರೆ ಇದು ಚಕ್ಕೆ ಎದ್ದ ಪೇಂಟಿಗೆ ಹೇಳಿದ್ದು. ಸುಣ್ಣದ ಗೋಡೆಗೆ ಮೋಡದ ದಿನವೇ ಚೆಂದ. ಮಳೆ ನಿಂತ ತಕ್ಷಣ ಹೋದರೆ ಇನ್ನೂ ಚೆಂದ. ತೂತುಗಳಲ್ಲಿ ನೀರು ತುಂಬಿ ಬೆಳಕು ಚದುರುವುದು ಕಡಿಮೆಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಆಯಿಲ್ ಪೇಂಟ್ ಮೋಡದ ದಿನ ಆಕಾಶವನ್ನೇ ಪ್ರತಿಫಲಿಸಿ ಬೆಳ್ಳಗೆ ಹೊಳೆಯುತ್ತದೆ. ಈ ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ ಅನ್ನುತ್ತಾರೆ. ಅದು ಓರೆಯಾಗಿ ನೋಡಿದಾಗ ಕೆಲಸ ಮಾಡುತ್ತದೆ, ನೇರ ಎದುರು ನಿಂತರೆ ಹೆಚ್ಚು ಪ್ರಯೋಜನವಿಲ್ಲ. ನಾವು ನಿಲ್ಲುವುದು ನೇರವಾಗಿಯೇ. ಅದಕ್ಕಿಂತ ಒಂದು ಕಪ್ಪು ಕೊಡೆ ವಾಸಿ. ನಿಮ್ಮ ಬೆನ್ನ ಹಿಂದೆ ಬಿಚ್ಚಿ ಹಿಡಿದರೆ ಪೇಂಟಿನ ಹೊಳಪು ತಗ್ಗಿ ಬಣ್ಣ ಬರುತ್ತದೆ. ಜೊತೆಗೊಬ್ಬರು ಬೇಕು, ಅಷ್ಟೆ.

ಹೀಗೆ ಗೋಡೆ ಮುಂದೆ ಕೂತರೆ ಯಾರಾದರೂ ಕೇಳೇ ಕೇಳುತ್ತಾರೆ, "ಯಾಕ್ ಸಾರ್, ಕಾರ್ಪೊರೇಷನ್ನಿಂದ ಬಂದಿದ್ದೀರಾ?" ಕೇಳುವುದರಲ್ಲಿ ತಪ್ಪಿಲ್ಲ. ಮೈಸೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಜೀವಗಳೇ ಹೋದವು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಬಿತ್ತು. ಕೆಡವುವುದಾ, ಉಳಿಸುವುದಾ ಅನ್ನುವ ಜಗಳವೂ ನಡೆದಿದೆ. ನಮಗೆ ಚೆಂದ ಕಾಣುವ ಬಿರುಕು ಅಂಗಡಿಯವರಿಗೆ ಹೊಟ್ಟೆಪಾಡಿನ ಭಯ. ಮೊದಲೇ ಹೋಗಿ ಮಾತಾಡಿಸಿ, ತೆಗೆದದ್ದನ್ನು ತೋರಿಸಿ. ಬಣ್ಣ ಹೊಡೆಸಿದ್ದು ಯಾವಾಗ, ಕೆಳಗೆ ಯಾವ ಬಣ್ಣ ಇತ್ತು ಅಂತ ಅವರೇ ಹೇಳುತ್ತಾರೆ. ಹಾಗೆಯೇ ಬಿರುಕು ಬಿಟ್ಟ ಸಜ್ಜೆಯ ಕೆಳಗೆ ಕೂರಬೇಡಿ. ಇಷ್ಟವಾದ ಗೋಡೆಯನ್ನು ಮುಂದಿನ ತಿಂಗಳು ತೆಗೆದರಾಯಿತು ಅಂತಲೂ ಬಿಡಬೇಡಿ. ದಸರಾಕ್ಕೋ ಯುಗಾದಿಗೋ ಹೊಸ ಬಣ್ಣ ಬಿದ್ದಿರುತ್ತದೆ.

ಕೊನೆಗೆ ಎಡಿಟಿಂಗ್. ಸ್ಯಾಚುರೇಷನ್ ಮುಟ್ಟಬೇಡಿ. ಅದು ಎಲ್ಲ ಬಣ್ಣವನ್ನೂ ಒಟ್ಟಿಗೆ ಏರಿಸಿ ಮಾಸಿದ್ದಕ್ಕೂ ಹೊಸದಕ್ಕೂ ಇದ್ದ ವ್ಯತ್ಯಾಸ ಅಳಿಸುತ್ತದೆ. ಕಪ್ಪನ್ನು ಸ್ವಲ್ಪ ಗಾಢ ಮಾಡಿ, ವಾಲಿದ ಗೆರೆ ನೇರ ಮಾಡಿ, ಅಂಚಿನಲ್ಲಿ ನುಸುಳಿದ ವೈರು ಕತ್ತರಿಸಿ. ಶಾರ್ಪ್‌ನೆಸ್ ಏರಿಸಲೇಬೇಡಿ. ಫೋನ್ ಮೊದಲೇ ಏರಿಸಿರುತ್ತದೆ, ಇನ್ನೂ ಏರಿಸಿದರೆ ಸುಣ್ಣದ ಗೋಡೆ ಮರಳು ಕಾಗದದ ಹಾಗೆ ಕಾಣುತ್ತದೆ. ಪ್ರಿಂಟ್ ಹಾಕಿಸುವುದಾದರೆ ಸುಣ್ಣದ ಚಿತ್ರಗಳಿಗೆ ಮ್ಯಾಟ್ ಕಾಗದ ಕೇಳಿ, ಆಯಿಲ್ ಪೇಂಟಿನ ಶಟರ್‌ಗಳಿಗೆ ಗ್ಲಾಸಿ.