ಸಮುತ್ ಪ್ರಾಕಾನ್: ಕಡಲ ಗೋಡೆ ಕರಗಿದ ಬಗೆ

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿದವರು ಬ್ಯಾಂಕಾಕ್ ಬಂತು ಅಂದುಕೊಳ್ಳುತ್ತಾರೆ. ಆದರೆ ಆ ನಿಲ್ದಾಣ ಇರುವುದು ಪಕ್ಕದ ಸಮುತ್ ಪ್ರಾಕಾನ್ ಪ್ರಾಂತ್ಯದಲ್ಲಿ. ಹೆಸರನ್ನು ನಿಧಾನವಾಗಿ ಹೇಳಿ ನೋಡಿ. ಸಮುದ್ರ, ಪ್ರಾಕಾರ. ನಮ್ಮ ದೇವಸ್ಥಾನದ ಸುತ್ತ ಇರುತ್ತದಲ್ಲ, ಅದೇ ಪ್ರಾಕಾರ. ಚಾವೊ ಫ್ರಾಯಾ ನದಿ ಕಡಲು ಸೇರುವ ಜಾಗ ಇದು. ರಾಜಧಾನಿಯನ್ನು ಕಾಯಲೆಂದೇ ಇಲ್ಲಿ ಕೋಟೆಗಳನ್ನು ಕಟ್ಟಿದ್ದರು. 1893ರಲ್ಲಿ ಫ್ರೆಂಚ್ ಯುದ್ಧನೌಕೆಗಳು ಅವುಗಳ ಗುಂಡಿನ ನಡುವೆಯೇ ಬ್ಯಾಂಕಾಕಿಗೆ ನುಗ್ಗಿದ್ದವು.

ಈಗ ಒಳಗೆ ಬರುತ್ತಿರುವುದು ಕಡಲು. ಬಾನ್ ಖುನ್ ಸಮುತ್ ಚಿನ್ ಎಂಬ ಹಳ್ಳಿಯಲ್ಲಿ ಒಂದು ಬೌದ್ಧ ದೇಗುಲವಿದೆ. ಒಂದು ಕಾಲಕ್ಕೆ ಅದರ ಸುತ್ತ ಊರಿತ್ತು, ಈಗ ನೀರಿದೆ. ನೀರಿನಿಂದ ಉಳಿಸಲು ಒಳಗಿನ ನೆಲವನ್ನೇ ಎತ್ತರಿಸಿದ್ದಾರೆ. ಹಾಗಾಗಿ ಕಿಟಕಿಗಳು ನೆಲಕ್ಕೆ ತೀರಾ ಹತ್ತಿರ ಬಂದಿವೆ. ದೂರದಲ್ಲಿ ಹಳೆಯ ವಿದ್ಯುತ್ ಕಂಬಗಳು ಅಲೆಗಳ ನಡುವೆ ನಿಂತಿರುತ್ತಿದ್ದವು. ಕೆಲವೇ ದಶಕಗಳಲ್ಲಿ ದಡ ಒಂದು ಕಿಲೋಮೀಟರಿಗೂ ಜಾಸ್ತಿ ಹಿಂದೆ ಸರಿದಿದೆ. ಜನ ಮತ್ತೆ ಮತ್ತೆ ಮನೆ ಬಿಚ್ಚಿ ಹಿಂದಕ್ಕೆ ಹೋಗಿ ಕಟ್ಟಿಕೊಂಡಿದ್ದಾರೆ.

ಸಮುದ್ರದ ಮಟ್ಟ ಏರುತ್ತಿರುವುದು ನಿಜ. ಆದರೆ ಅದೊಂದೇ ಕಾರಣವಲ್ಲ. ಇಲ್ಲಿನ ನಿಜವಾದ ಪ್ರಾಕಾರ ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್. ಬೇರುಗಳ ಬಲೆ ಅಲೆಯ ರಭಸ ತಗ್ಗಿಸಿ ಕೆಸರನ್ನು ಹಿಡಿದಿಡುತ್ತಿತ್ತು. ಸಿಗಡಿ ಹೊಂಡಗಳಿಗಾಗಿ ಆ ಕಾಡನ್ನು ಕಡಿದರು. ಇನ್ನು ನದಿ ಹೊತ್ತು ತರುವ ಹೂಳು. 1964ರಲ್ಲಿ ಭೂಮಿಬೋಲ್, 1970ರ ದಶಕದಲ್ಲಿ ಸಿರಿಕಿತ್ ಅಣೆಕಟ್ಟು ಬಂದ ಮೇಲೆ ಅದರಲ್ಲಿ ಬಹುಪಾಲು ಮೇಲೆಯೇ ತಂಗತೊಡಗಿತು. ದಡಕ್ಕೆ ಬರುತ್ತಿದ್ದ ಮಣ್ಣು ಕಡಿಮೆಯಾಯಿತು.

ಮೂರನೆಯದು ಕಣ್ಣಿಗೆ ಕಾಣದ್ದು. ಸಾವಿರಾರು ವರ್ಷಗಳ ಹಿಂದೆ ಈ ಬಯಲೆಲ್ಲ ಕಡಲೇ ಆಗಿತ್ತು. ಸಮುತ್ ಪ್ರಾಕಾನಿನಂತೆಯೇ ಬ್ಯಾಂಕಾಕಿಗೆ ತಾಗಿರುವ ಸಮುತ್ ಸಾಖೋನ್ ಪ್ರಾಂತ್ಯದಲ್ಲಿ, ದಡದಿಂದ ಸುಮಾರು 12 ಕಿಲೋಮೀಟರ್ ಒಳಗೆ, 2020ರಲ್ಲಿ ತಿಮಿಂಗಿಲದ ಬಹುತೇಕ ಇಡೀ ಅಸ್ಥಿಪಂಜರವೇ ಸಿಕ್ಕಿತು! ಆ ಕಡಲು ಬಿಟ್ಟುಹೋದದ್ದು ನೀರು ತುಂಬಿದ ಮೆತ್ತನೆಯ ಜೇಡಿಮಣ್ಣು. ಬೋರ್‌ವೆಲ್ ಕೊರೆದು ಕೆಳಗಿನ ಅಂತರ್ಜಲ ಎಳೆದಾಗ ಜೇಡಿಯೊಳಗಿನ ನೀರೂ ನಿಧಾನವಾಗಿ ಇಳಿಯುತ್ತದೆ. ಹಿಂಡಿದ ಬಟ್ಟೆಯಂತೆ ಮಣ್ಣು ಕುಗ್ಗುತ್ತದೆ, ನೆಲ ಕುಸಿಯುತ್ತದೆ. 1980ರ ಸುಮಾರಿಗೆ ಬ್ಯಾಂಕಾಕಿನ ಪೂರ್ವ ಅಂಚಿನ ಕೆಲವೆಡೆ ವರ್ಷಕ್ಕೆ 10 ಸೆಂಟಿಮೀಟರಿನಷ್ಟು ನೆಲ ಇಳಿಯುತ್ತಿತ್ತು. ಅಂತರ್ಜಲ ಎತ್ತುವುದಕ್ಕೆ ಕಡಿವಾಣ ಹಾಕಿದ ಮೇಲೆ ವೇಗ ತಗ್ಗಿತು. ಆದರೆ ಒಮ್ಮೆ ಕುಗ್ಗಿದ ಜೇಡಿಮಣ್ಣು ಮೊದಲಿನಂತೆ ಉಬ್ಬುವುದಿಲ್ಲ.

ಸುವರ್ಣಭೂಮಿ ಕಟ್ಟಿದ್ದೂ ಇದೇ ಮಣ್ಣಿನ ಮೇಲೆ. ಅಲ್ಲಿದ್ದ ಜೌಗಿನ ಹಳೆಯ ಹೆಸರು ನೊಂಗ್ ಙೂ ಹಾವ್, ಅಂದರೆ ನಾಗರಹಾವಿನ ಜೌಗು. ಎಂಜಿನಿಯರುಗಳು ಜೇಡಿಯೊಳಗೆ ನೀರು ಬಸಿಯುವ ಉದ್ದನೆಯ ಪಟ್ಟಿಗಳನ್ನು ಇಳಿಸಿದರು. ಮೇಲೆ ಭಾರ ಹೇರಿ, ರನ್‌ವೇ ಹಾಕುವ ಮೊದಲೇ ಮಣ್ಣನ್ನು ಕುಗ್ಗಿಸಿದರು. 2006ರಲ್ಲಿ ನಿಲ್ದಾಣ ಶುರುವಾಯಿತು.

ಹಳ್ಳಿಯವರ ಕೈಯಲ್ಲಿ ಅಷ್ಟು ಹಣವೆಲ್ಲಿ? ಅಲ್ಲಿ ಕಾಂಕ್ರೀಟ್ ಕಂಬಗಳ ಜೊತೆ ಬಿದಿರನ್ನೂ ಕೆಸರಿನಲ್ಲಿ ಸಾಲಾಗಿ ನೆಟ್ಟಿದ್ದಾರೆ. ಅಲೆ ಅದಕ್ಕೆ ಬಡಿದು ಸುಸ್ತಾಗುತ್ತದೆ, ನೀರಿನಲ್ಲಿದ್ದ ಹೂಳು ಹಿಂದುಗಡೆ ತಂಗುತ್ತದೆ. ಹಾಗೆ ಕೂತ ಕೆಸರಿನಲ್ಲಿ ಈಗ ಕಾಂಡ್ಲಾ ಸಸಿಗಳನ್ನು ನೆಡುತ್ತಿದ್ದಾರೆ.